ಸತ್ತು ಹುಡುಕುತ್ತಿದ್ದ ಮಾಮ

ನಮ್ಮ ಮಾಮನ ಎದುರಿಗೆ ನೀವು ಯಾವ ಕಾರಣಕ್ಕೂ ನಾಲಗೆ ಹೊರಗೆ ಹಾಕಕೂಡದು. ಆಕಳಿಕೆ ಬಂದರೂ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವುದು ಒಳ್ಳೆಯದು. ಉಗುರು ಕಾಣುವ ಹಾಗೆ ಕೈ ಚಾಚುವುದಂತೂ ಬೇಡವೇ ಬೇಡ. ಇಷ್ಟು ಎಚ್ಚರಿಕೆ ಯಾಕೆ ಅಂತೀರಾ? ಬೋಡಿನಾಯಕನೂರಿನ ಒಂದು ಮದುವೆಯಲ್ಲಿ ಅವರು ಮದುಮಗನ ಕೈ ಕುಲುಕಿದರು. ಕುಲುಕಿದವರು ಬಿಡಬೇಕಲ್ಲ? ಬಿಡಲಿಲ್ಲ. ಆ ಕೈಯನ್ನು ತಿರುಗಿಸಿ, ಉಗುರಿನ ಮೇಲಿದ್ದ ಬಿಳಿ ಚುಕ್ಕೆಗಳನ್ನು ಬೆಳಕಿಗೆ ಹಿಡಿದು ನೋಡಿ, "ಹುಡುಗನಿಗೆ ಜಿಂಕು ಕಮ್ಮಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹುಡುಗಿಯ ತಾಯಿ ನನ್ನನ್ನು ಊಟದ ಪಂಕ್ತಿಯ ಹಿಂದಕ್ಕೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು: "ಯವ್ವಾ, ಜಿಂಕು ಅಂದ್ರೆ ಏನದು? ಕುಡಿಯೋದಾ, ಸೇದೋದಾ?"

ಮಾಮ ಎಂದರೆ ನನ್ನ ಅಮ್ಮನ ತಮ್ಮ. ಕಾಮಯಗೌಂಡನ್‌ಪಟ್ಟಿಯಲ್ಲಿ ಅವರದು ದ್ರಾಕ್ಷಿ ತೋಟ. ಕಂಬಿಯ ಚಪ್ಪರದ ಮೇಲೆ ಹಬ್ಬಿದ ಪನ್ನೀರ್ ದ್ರಾಕ್ಷಿಯ ಕೆಳಗೆ ಬಗ್ಗಿಕೊಂಡು ನಡೆದು ನಡೆದು ಅವರ ಬೆನ್ನು ಸ್ವಲ್ಪ ಮುಂದಕ್ಕೆ ಬಾಗಿದೆ. ಬಯಲಿಗೆ ಬಂದಾಗಲೂ ತಲೆಗೆ ಗೊಂಚಲು ತಾಗೀತೆಂಬ ಭಯದಲ್ಲೇ ನಡೆಯುತ್ತಾರೆ. ಬಳ್ಳಿಯ ಎಲೆ ನೋಡಿ ಅದಕ್ಕೇನು ಸಾಲದು ಎಂದು ಹೇಳುವುದರಲ್ಲಿ ಅವರನ್ನು ಮೀರಿಸಿದವರು ನಮ್ಮ ಕಡೆ ಇಲ್ಲ. ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಒಂದು ಕೊರತೆ, ಅಂಚು ಸುಟ್ಟಂತಾದರೆ ಇನ್ನೊಂದು, ಎಲೆ ಚಿಕ್ಕದಾಗಿ ಮುದುರಿದರೆ ಮತ್ತೊಂದು. ಯಾವುದು ಕಮ್ಮಿಯೋ ಅದನ್ನು ನೀರಿಗೆ ಕಲಸಿ ಸಿಂಪಡಿಸಿದರೆ ಹದಿನೈದು ದಿನದಲ್ಲಿ ಬಳ್ಳಿ ನಗುತ್ತದೆ. ನಲವತ್ತು ವರ್ಷ ಹೀಗೆ ಬಳ್ಳಿಗಳನ್ನು ನಗಿಸಿದ ಮನುಷ್ಯನಿಗೆ ಕಡೆಗೆ ಮನುಷ್ಯರೂ ಬಳ್ಳಿಗಳ ಹಾಗೇ ಕಾಣತೊಡಗಿದ್ದು ಅವರ ತಪ್ಪೆಂದು ಹೇಗೆ ಹೇಳಲಿ?

ನಮ್ಮ ಮನೆಮಾತು ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಈ ತಮಿಳು ಸೀಮೆಗೆ ಬಂದು ನೆಲೆನಿಂತವರ ಕನ್ನಡ ಅದು. ಅರ್ಧ ತಮಿಳು ಬೆರೆತಿದೆ. ಓದುಬರಹವೆಲ್ಲ ತಮಿಳಿನಲ್ಲೇ. ಮೈಸೂರಿನಲ್ಲಿ ರಕ್ತಪರೀಕ್ಷೆಯ ಕೋರ್ಸು ಮಾಡುವಾಗ ನಾನು ಕನ್ನಡ ಅಕ್ಷರ ಕಲಿತೆ, ಅದರಿಂದಲೇ ಇದನ್ನು ಬರೆಯಲು ಆಗುತ್ತಿದೆ. ಈಗ ತೇನಿಯ ಒಂದು ಸಣ್ಣ ಲ್ಯಾಬಿನಲ್ಲಿ ಬೆಳಗ್ಗೆ ಆರೂವರೆಯಿಂದ ಜನರ ಕೈಗೆ ರಬ್ಬರ್ ಪಟ್ಟಿ ಕಟ್ಟಿ ರಕ್ತ ತೆಗೆಯುವುದು ನನ್ನ ಕೆಲಸ.

ಮಾಮ ವಿಟಮಿನ್ನಿನ ಹಿಂದೆ ಬಿದ್ದದ್ದು ಒಂದು ಹೊಟ್ಟೆನೋವಿನಿಂದ. ಕಲ್ಲಿರಬಹುದೆಂದು ಸ್ಕ್ಯಾನ್ ಮಾಡಿಸಿದರೆ ಕಲ್ಲು ಸಿಗಲಿಲ್ಲ, ಈರಲಿನಲ್ಲಿ ಕೊಬ್ಬು ಸಿಕ್ಕಿತು. ನಮ್ಮ ಕಡೆ ಯಕೃತ್ತಿಗೆ ಈರಲ್ ಎನ್ನುತ್ತೇವೆ. ಅದರಲ್ಲಿ ಕೊಬ್ಬು ಕೂತಿದೆ, ಮೊದಲನೆಯ ಹಂತ, ಎಂದು ರಿಪೋರ್ಟು ಹೇಳಿತು. ಮಾಮನಿಗೆ ಆದ ಅವಮಾನ ಅಷ್ಟಿಷ್ಟಲ್ಲ. ಜೀವಮಾನದಲ್ಲಿ ಒಂದು ಹನಿ ಕುಡಿಯದವರು. ದ್ರಾಕ್ಷಿ ಬೆಳೆದರೂ ಅದನ್ನು ಹುಳಿಯಲು ಬಿಡದವರು.

"ಡಾಕ್ಟ್ರೇ, ನಾನು ಕುಡಿಯಲ್ಲ," ಎಂದರು.

"ಕುಡಿಯದವರಿಗೂ ಬರುತ್ತೆ," ಎಂದರು ಡಾಕ್ಟರು.

"ನಾನು ದಪ್ಪಗೂ ಇಲ್ಲ."

"ಹೊಟ್ಟೆ ಇದೆಯಲ್ಲ."

ಮಾಮ ಶರ್ಟಿನ ಮೇಲೆ ಕೈ ಇಟ್ಟು ನೋಡಿಕೊಂಡರು. ಇತ್ತು.

ಆ ಡಾಕ್ಟರು ನಿಧಾನಸ್ಥರು. ರಕ್ತಪರೀಕ್ಷೆ ಬರೆದುಕೊಟ್ಟು, ವಿಟಮಿನ್ ಡಿ ತೀರಾ ಕಡಿಮೆ ಇರುವುದನ್ನು ಕಂಡು, ಬಿಡಿಸಿ ಹೇಳಿದರು. ಡಿ ಕಡಿಮೆ ಇರುವವರಲ್ಲಿ ಈ ಕೊಬ್ಬು ಹೆಚ್ಚಾಗಿ ಕಾಣುವುದು ನಿಜ. ಆದರೆ ಅದರಿಂದ ಇದಾಯಿತೋ, ಇದರಿಂದ ಅದಾಯಿತೋ, ಎರಡೂ ಬೇರೆ ಯಾವುದೋ ಕಾರಣಕ್ಕೆ ಒಟ್ಟಿಗೆ ಬಂದವೋ, ಖಚಿತವಾಗಿ ಹೇಳಲಾಗದು. ಕೊರತೆ ತುಂಬಿಸೋಣ, ಅದು ಮೂಳೆಗೆ ಒಳ್ಳೆಯದು. ಈರಲಿಗೆ ನಿಜವಾದ ಮದ್ದೆಂದರೆ ದಿನಕ್ಕೆ ಮುಕ್ಕಾಲು ಗಂಟೆ ನಡಿಗೆ. ಅನ್ನ ಅರ್ಧ. ಸಿಹಿ ಇಲ್ಲ.

ಬಿಸಿಲ ನಾಡಿನ ರೈತನಿಗೆ ಬಿಸಿಲಿನ ವಿಟಮಿನ್ ಕಡಿಮೆ ಹೇಗೆ ಎಂದು ನನಗೂ ಆಶ್ಚರ್ಯವಾಗಿತ್ತು. ಆಮೇಲೆ ಹೊಳೆಯಿತು: ಮಾಮ ಬೆಳಗಿನಿಂದ ಸಂಜೆಯವರೆಗೆ ಇರುವುದು ಚಪ್ಪರದ ನೆರಳಿನಲ್ಲಿ. ಬಿಸಿಲನ್ನೆಲ್ಲ ಮೇಲೆ ಎಲೆಗಳು ಕುಡಿದುಬಿಡುತ್ತವೆ.

ಡಾಕ್ಟರು ಹೇಳಿದ್ದರಲ್ಲಿ ಮಾಮ ತಮಗೆ ಬೇಕಾದಷ್ಟು ಮಾತ್ರ ಕಿವಿಗೆ ಹಾಕಿಕೊಂಡರು. ಬಸ್‌ಸ್ಟ್ಯಾಂಡಿಗೆ ನಡೆಯುವಾಗಲೇ ಜೊತೆಗಿದ್ದ ನನಗೆ ಪಾಠ ಶುರುವಾಯಿತು. ಮುದ್ದಿಗೆ ಅವರು ನನ್ನನ್ನು ಕಣ್ಣು ಎಂದೇ ಕರೆಯುವುದು.

"ಕೇಳ್ದಾ ಕಣ್ಣು? ಸತ್ತು ಕಮ್ಮಿಯಾದ್ರೆ ಈರಲ್ಗೆ ಕೊಬ್ಬು ಏರ್ತದೆ. ಸತ್ತು ತುಂಬ್ಸುದ್ರೆ ಕೊಬ್ಬು ಇಳೀತದೆ. ಅಷ್ಟೇ ವಿಸ್ಯ."

"ಹಂಗೆ ಹೇಳಲಿಲ್ಲ ಮಾಮ ಅವರು."

"ಅವರು ಇನ್ನೆಂಗೆ ಹೇಳ್ತಾರೆ? ಡಾಕ್ಟ್ರು ಎಲ್ಲಾನೂ ಸುತ್ತಿ ಸುತ್ತಿ ಹೇಳೋದು. ನಾವೇ ಬಿಡ್ಸ್‌ಕೋಬೇಕು."

ಕನ್ನಡದ ಓದುಗರು ಇಲ್ಲಿ ಗಾಬರಿಯಾಗಬಾರದು. ತಮಿಳಿನಲ್ಲಿ ಸತ್ತು ಎಂದರೆ ಸಾರ, ಪೋಷಣೆ ಕೊಡುವ ಅಂಶ. ನಮ್ಮ ಮನೆಗಳಲ್ಲೂ ವಿಟಮಿನ್ನಿಗೆ ಅದೇ ಮಾತು. ಇದು ಗೊತ್ತಿಲ್ಲದೆ ನನ್ನ ಮೈಸೂರಿನ ಗೆಳತಿಯೊಬ್ಬಳು ಒಮ್ಮೆ ಪೇಚಿಗೆ ಸಿಕ್ಕಳು. ಊರು ನೋಡಲು ಬಂದವಳನ್ನು ಮಾಮನ ಮನೆಗೆ ಕರೆದುಕೊಂಡು ಹೋಗಿದ್ದೆ. ಮಾಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಮುಖ ಗಂಭೀರ ಮಾಡಿಕೊಂಡು, "ನಿಮ್ಮ ಮೈಲಿ ಸತ್ತು ಇಲ್ಲ. ನಮ್ಮ ಮನೇಲಿ ನಾಲ್ಕು ದಿನ ಇದ್ದೋಗಿ, ಸತ್ತು ತಾನಾಗೇ ಬತ್ತದೆ" ಎಂದರು. ಅವಳು ನಾಲ್ಕು ದಿನ ಇರಲಿಲ್ಲ. ಮರುದಿನವೇ ಮೈಸೂರಿಗೆ ಹೊರಟಳು.

ಆಮೇಲೆ ಬಿಸಿಲಿನ ಪ್ರಕರಣ. ಹನ್ನೊಂದು ಗಂಟೆಗೆ ಮಾಮ ತಾರಸಿಯ ಮೇಲೆ ಚಾಪೆ ಹಾಸಿ, ಮೊಣಕಾಲುದ್ದದ ಚಡ್ಡಿಯಲ್ಲಿ ಮಲಗುವರು. ಕಾಲು ಗಂಟೆ ಎದೆ, ಕಾಲು ಗಂಟೆ ಬೆನ್ನು. ಎದುರುಮನೆಯ ತಾರಸಿಯಲ್ಲಿ ವಡಗ, ಅಂದರೆ ಸಂಡಿಗೆ, ಒಣಗಿಸುತ್ತಿದ್ದ ಹೆಂಗಸರು ಮೊದಲ ವಾರ ಮುಖ ತಿರುಗಿಸಿಕೊಂಡರು. ಎರಡನೆಯ ವಾರ ರೂಢಿಯಾಯಿತು. ಮೂರನೆಯ ವಾರ, "ಅಣ್ಣಾ, ಹೆಂಗೂ ಅಲ್ಲೇ ಇದ್ದೀರಲ್ಲ, ಕಾಗೆ ಬಂದ್ರೆ ಓಡ್ಸಿ" ಎಂದು ಹೇಳಿ ಕೆಳಗಿಳಿದು ಹೋಗತೊಡಗಿದರು.

ಈ ಎಲ್ಲದರ ನಡುವೆ ಅತ್ತೆ ಇದ್ದರು. ಮಾಮನ ಹೆಂಡತಿ. ಅವರ ಬಗ್ಗೆ ಇಷ್ಟು ತಡವಾಗಿ ಹೇಳುತ್ತಿದ್ದೇನೆ ಎಂಬುದೇ ನಮ್ಮ ಮನೆಯಲ್ಲಿ ಅವರಿಗಿದ್ದ ಜಾಗ ಯಾವುದು ಎಂದು ತಿಳಿಸುತ್ತದೆ. ಗುಂಡಗೆ, ಮೆತ್ತಗೆ, ಸದ್ದಿಲ್ಲದೆ ನಗುವವರು. ನಗುವಾಗ ಭುಜ ಮಾತ್ರ ಕುಣಿಯುತ್ತಿತ್ತು. ಮಕ್ಕಳಾಗಲಿಲ್ಲ, ಆದ್ದರಿಂದ ನಾವೆಲ್ಲ ಅವರ ಮಕ್ಕಳು. ಹತ್ತು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ನೆನಪಾದ ದಿನ ನುಂಗುವರು. ಮಾಮ ಅನ್ನ ಬಿಟ್ಟ ಮೇಲೆ ಮಿಕ್ಕ ಅನ್ನ, ಸಿಹಿ ಬಿಟ್ಟ ಮೇಲೆ ನೆಂಟರು ತಂದ ಸಿಹಿ, ಎಲ್ಲ ಅವರ ಪಾಲಿಗೆ ಬಂತು. ಬಿಸಾಡಲು ಮನಸ್ಸು ಬರುತ್ತಿರಲಿಲ್ಲ. ಮಾಮ ತಾರಸಿಗೆ ಕರೆದರೆ, "ನಾ ಅಲ್ಲಿ ಬಂದು ಮಲಗುದ್ರೆ ಕೆಳಗೆ ಸಾರು ಯಾರು ಇಳ್ಸೋದು?" ಎನ್ನುವರು.

ಒಂದು ಭಾನುವಾರ ಮಾಮ ವ್ಯಾನು ಮಾಡಿಕೊಂಡು ಹದಿನಾಲ್ಕು ಜನ ನೆಂಟರನ್ನು ಖಾಲಿ ಹೊಟ್ಟೆಯಲ್ಲಿ ನಮ್ಮ ಲ್ಯಾಬಿಗೆ ತಂದು ಇಳಿಸಿದರು. ಎಲ್ಲರಿಗೂ ವಿಟಮಿನ್ ಡಿ, ಬಿ ಹನ್ನೆರಡು, ಎರಡರ ಪರೀಕ್ಷೆ. ಬೇರೆ ಯಾವುದೂ ಬೇಡ. ರಿಪೋರ್ಟು ಬಂದ ಮೇಲೆ ಅವರು ಅದನ್ನು ಪರೀಕ್ಷೆಯ ಫಲಿತಾಂಶದ ಹಾಗೆ ಓದಿದರು. ನನ್ನ ಅಮ್ಮ ಡಿಯಲ್ಲಿ ಫೇಲು. ದೊಡ್ಡಪ್ಪ ಎರಡರಲ್ಲೂ ಫೇಲು, ಆದರೂ ಜಂಬ ಕಮ್ಮಿಯಾಗಲಿಲ್ಲ. ಅತ್ತೆ ಪರೀಕ್ಷೆಗೇ ಕೂರಲಿಲ್ಲ. ಹಸಿದು ಬರುವ ಹದಿನಾಲ್ಕು ಜನಕ್ಕೆ ಪಣಿಯಾರ ಹೊಯ್ಯಲು ಮನೆಯಲ್ಲೇ ಉಳಿದಿದ್ದರು. ನಾವು ತಿಂದು ಮುಗಿಸುವವರೆಗೂ ಅವರು ಒಲೆಯ ಮುಂದಿನಿಂದ ಏಳಲಿಲ್ಲ. ಅದನ್ನೂ ಆಗ ನಾವು ನಗುತ್ತಲೇ ಹೇಳಿಕೊಂಡೆವು.

ಮಾಮನಿಗೆ ಇದರಿಂದ ಕೆಡುಕೇನೂ ಆಗಲಿಲ್ಲ ಎಂದು ಹೇಳಬೇಕು. ಒಮ್ಮೆ ಮಾತ್ರ ಅತಿಯಾಯಿತು. ಎ, ಇ, ಇನ್ನೂ ಏನೇನೋ ಅಕ್ಷರಗಳ ಬಾಟಲಿಗಳನ್ನು ಚೀಲದಲ್ಲಿ ತುಂಬಿಕೊಂಡು ಡಾಕ್ಟರ ಮೇಜಿನ ಮೇಲೆ ಸಾಲಾಗಿ ಇಟ್ಟರು. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಇದರಲ್ಲಿ ಕೆಲವು ಹೆಚ್ಚಾದರೆ ಈರಲಿಗೇ ಪೆಟ್ಟು. ಎ ಅಂತೂ ಅಲ್ಲೇ ಹೋಗಿ ಕೂರುತ್ತೆ. ಯಾರು ಹೇಳಿದರು ನಿಮಗೆ ಇದನ್ನೆಲ್ಲ ತಗೊಳ್ಳೋಕೆ?"

ಮಾಮನಿಗೆ ತಕ್ಷಣ ಅರ್ಥವಾಯಿತು. "ಹೌದೌದು. ಮದ್ದು ಜಾಸ್ತಿ ಹೊಡುದ್ರೆ ಎಲೆ ಸುಟ್ಟೋಯ್ತದೆ," ಎಂದು ಬಾಟಲಿಗಳನ್ನೆಲ್ಲ ಅಲ್ಲೇ ಬಿಟ್ಟು ಎದ್ದರು. ಬರೆದುಕೊಟ್ಟದ್ದನ್ನು ಮಾತ್ರ ತೆಗೆದುಕೊಂಡರು. ನಡೆದರು. ದಿನಾ ಬೆಳಗ್ಗೆ ನಾಲೆಯ ಏರಿಯ ಮೇಲೆ ಗೂಡಲೂರಿನ ಕಡೆಗೆ ಹೋಗಿ ಬರುವರು. ಹೊಟ್ಟೆ ಇಳಿಯಿತು. ಅವರ ಪ್ರಕಾರ ಇಳಿಸಿದ್ದು ಸತ್ತು. ನಡಿಗೆಯ ಪಾತ್ರ ಅದರಲ್ಲಿ ಏನೂ ಇಲ್ಲ.

ಅತ್ತೆಯೂ ಇಳಿದರು. ಅದನ್ನು ನಾವು ನೋಡಿದೆವು, ನೋಡಿ ಹೊಗಳಿದೆವು. "ಅತ್ತೆ, ತೆಳ್ಳಗಾಗಿದ್ದೀರ" ಎಂದು ನಾನೇ ಹೇಳಿದ್ದೇನೆ. ಅವರ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅದೇ ಹೊತ್ತಿಗೆ ಕಾಲುಂಗುರ ಬಿಗಿಯಾಯಿತೆಂದು ತೆಗೆದು ಡಬ್ಬಿಯಲ್ಲಿಟ್ಟಿದ್ದರು. ಕೈ ತೆಳ್ಳಗಾಗಿ ಕಾಲು ಊದುವುದು ಒಳ್ಳೆಯದಲ್ಲ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ತಲೆಯಲ್ಲಿತ್ತು. ಅತ್ತೆ ಅಡುಗೆಮನೆಯಲ್ಲಿದ್ದರು. ಎರಡೂ ಒಂದೆಡೆ ಸೇರಲಿಲ್ಲ.

ಒಂದು ಬೆಳಗ್ಗೆ ನಾನು ಊರಿಗೆ ಹೋದೆ. ಮಾಮ ಹಿಂದಿನ ದಿನವೇ ಫೋನಿನಲ್ಲಿ ಅಪ್ಪಣೆ ಕೊಟ್ಟಿದ್ದರು: ಸೂಜಿ, ನಳಿಕೆ ತಂದು ಅವಳದೂ ಒಂದು ತೆಗೆದುಕೊಂಡು ಹೋಗು, ಅವಳೊಬ್ಬಳೇ ಬಾಕಿ. ಅವರು ತೋಟಕ್ಕೆ ಹೋಗಿದ್ದರು. ಅತ್ತೆ ಅಡುಗೆಮನೆಯ ಹೊಸಿಲ ಮೇಲೆ ಕೂತು ಎಡಗೈ ಚಾಚಿದರು. ಬೆರಳುಗಳೆಲ್ಲ ಅರಿಶಿನ. ಉಗುರಿನ ಬಣ್ಣ ಕಾಣುತ್ತಿರಲಿಲ್ಲ. ನರ ಸಿಕ್ಕುವುದು ಸ್ವಲ್ಪ ಕಷ್ಟವಾಯಿತು. ಹಳದಿ ಮುಚ್ಚಳದ ಒಂದು ನಳಿಕೆ ತುಂಬಿಸಿಕೊಂಡು, ಹತ್ತಿ ಒತ್ತಿ, ಐಸ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಅವರ ಡಿ ಕಡಿಮೆ ಇತ್ತು. ಅದರಲ್ಲಿ ವಿಶೇಷವಿಲ್ಲ. ಬಿ ಹನ್ನೆರಡು ಮಾತ್ರ ಯಂತ್ರ ಎಣಿಸಬಲ್ಲ ಮಿತಿಯನ್ನೇ ದಾಟಿತ್ತು. ಇಂತಿಷ್ಟಕ್ಕಿಂತ ಹೆಚ್ಚು ಎಂದಷ್ಟೇ ತೋರಿಸಿ ಯಂತ್ರ ಕೈಚೆಲ್ಲಿತು. ತಪ್ಪಿರಬಹುದೆಂದು ಮತ್ತೊಮ್ಮೆ ಹಾಕಿದೆ. ಅದೇ ಬಂತು. ನನಗೆ ಹೆದರಿಕೆಯಾಗಲಿಲ್ಲ. ಕಡಿಮೆಯಾದವರನ್ನೇ ದಿನಾ ನೋಡಿ ಅಭ್ಯಾಸ. ಹೆಚ್ಚಾದರೆ ಕೆಡುಕೇನು, ಮಾಮನ ಮಾತ್ರೆಗಳಲ್ಲಿ ನಾಲ್ಕು ಇವರೂ ನುಂಗಿರಬೇಕು, ಎಂದುಕೊಂಡೆ. ಫೋನು ಮಾಡಿ ನಗುತ್ತಾ ಹೇಳಿದೆ.

ಮಾಮ ಕೇರಿಗೆಲ್ಲ ಹೇಳಿಕೊಂಡು ಬಂದರು. ಮಾತ್ರೆ ಇಲ್ಲ, ಬಿಸಿಲಿಲ್ಲ, ಏನೂ ಇಲ್ಲದೆ ಮನೆಯಲ್ಲಿ ಮೊದಲನೆಯ ರ್‍ಯಾಂಕು. ರಿಪೋರ್ಟಿಗೆ ಪ್ಲಾಸ್ಟಿಕ್ ಹಾಕಿಸಿ ಗೋಡೆಗೆ ತೂಗುಹಾಕಿದರು. ಮುಂದಿನ ವಾರ ನಾನು ಹೋದಾಗ ಅತ್ತೆ ಅದರ ಕೆಳಗೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು.

"ನಾ ಐದ್ನೇ ಕ್ಲಾಸು ಎರಡು ಸಲ ಓದ್ದೋಳು," ಎಂದರು. ಭುಜ ಕುಣಿಯಿತು. "ನಮ್ಮಪ್ಪ ಇದ್ದಿದ್ರೆ ತೋರ್ಸ್‌ಬೋದಾಗಿತ್ತು."

ನಮ್ಮ ಲ್ಯಾಬಿನ ರಿಪೋರ್ಟುಗಳಿಗೆ ಸಹಿ ಹಾಕಲು ವಾರಕ್ಕೆ ಎರಡು ದಿನ ಒಬ್ಬರು ಹಿರಿಯ ಡಾಕ್ಟರು ದಿಂಡಿಗಲ್ಲಿನಿಂದ ಬರುತ್ತಾರೆ. ಹದಿನೈದು ದಿನ ರಜೆಯಲ್ಲಿದ್ದು ಬಂದಿದ್ದರು. ಟೀ ಕುಡಿಯುವಾಗ ನಾನು ಮಾಮನ ಕಥೆಗಳನ್ನು ಹೇಳಿ ಅವರನ್ನು ನಗಿಸುತ್ತಿದ್ದೆ. ಮದುವೆಯ ಜಿಂಕು, ತಾರಸಿಯ ಕಾಗೆ, ಎಲ್ಲಕ್ಕೂ ನಕ್ಕರು. ಅದೇ ಹುಮ್ಮಸ್ಸಿನಲ್ಲಿ ಅತ್ತೆಯ ರ್‍ಯಾಂಕಿನ ಕಥೆ ಹೇಳಿದೆ. ಅವರು ನಗಲಿಲ್ಲ.

"ಇಂಜೆಕ್ಷನ್ ಏನಾದರೂ ತಗೊಂಡಿದ್ದರಾ?"

"ಇಲ್ಲ ಸರ್."

"ಮಾತ್ರೆ?"

"ಕೇಳಿದೆ. ಒಂದೂ ಇಲ್ಲವಂತೆ."

"ಈರಲಿನ ಪರೀಕ್ಷೆ?"

"ವಿಟಮಿನ್ ಮಾತ್ರ ಕೇಳಿದ್ದರು ಸರ್."

ಅವರು ಟೀ ಲೋಟವನ್ನು ಕೆಳಗಿಟ್ಟರು. ಬಿ ಹನ್ನೆರಡನ್ನು ಮೈ ದಾಸ್ತಾನು ಮಾಡಿಕೊಳ್ಳುವುದು ಹೆಚ್ಚಾಗಿ ಈರಲಿನಲ್ಲೇ ಎಂದರು. ಗೋದಾಮಿನ ಗೋಡೆ ಒಡೆದರೆ ಮೂಟೆಗಳೆಲ್ಲ ಬೀದಿಯಲ್ಲಿ ಬಿದ್ದಿರುತ್ತವೆ. ಬೀದಿಯಲ್ಲಿ ನೋಡಿದವನಿಗೆ ಎಷ್ಟು ಸಮೃದ್ಧಿ ಎನಿಸುತ್ತದೆ. ಹೀಗೇ ಆಗಿರಬೇಕೆಂದಿಲ್ಲ, ಬೇರೆ ಕಾರಣಗಳೂ ಇವೆ. "ಆದರೂ ನಾಳೆಯೇ ಕರೆದುಕೊಂಡು ಬಾಮ್ಮ," ಎಂದರು. "ನಾಡಿದ್ದಲ್ಲ, ನಾಳೆ."

ಕರೆದುಕೊಂಡು ಬಂದೆ. ಸ್ಕ್ಯಾನ್ ಮಾಡಿಸಿದೆ. ಈರಲು ಕುಗ್ಗಿ ಗಟ್ಟಿಯಾಗಿತ್ತು. ಹೊಟ್ಟೆಯಲ್ಲಿ ನೀರು ಸೇರಲು ಶುರುವಾಗಿತ್ತು. ಬಲಗಡೆ ಒಂದು ಗಡ್ಡೆ. ಮಧುರೈಗೆ ಹೋಗಿ ಇನ್ನಷ್ಟು ಪರೀಕ್ಷೆ ಮಾಡಿಸಿದ ಮೇಲೆ ಎಲ್ಲವೂ ಖಚಿತವಾಯಿತು. ಎಷ್ಟೋ ವರ್ಷ ಹಿಂದೆ ಕೂತ ಕೊಬ್ಬು, ಸಕ್ಕರೆಯ ಜೊತೆ ಸೇರಿಕೊಂಡು, ಒಂದು ದಿನವೂ ನೋಯಿಸದೆ, ಒಳಗೇ ಗಾಯ ಮಾಡಿ, ಗಾಯವೇ ಕಲ್ಲಾಗಿ, ಕಲ್ಲಿನಲ್ಲಿ ಗಡ್ಡೆ ಬೆಳೆದಿತ್ತು. ಮಾಮನಿಗೆ ಇದ್ದದ್ದೇ ಕಾಯಿಲೆ, ಅತ್ತೆಯದು ಕೊನೆಯ ಹಂತ.

ಮಧುರೈಯ ಡಾಕ್ಟರು ಇದನ್ನು ಹೇಳುವಾಗ ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮಾಮ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಜೋಳಿಗೆಯಿಂದ ತಮ್ಮದೇ ಹೊಸ ಸ್ಕ್ಯಾನ್ ರಿಪೋರ್ಟನ್ನು ತೆಗೆದು ಮೇಜಿನ ಮೇಲೆ ಬಿಡಿಸಿ ಇಟ್ಟರು. ಅದನ್ನು ಯಾವಾಗ ಮಾಡಿಸಿದರೋ ನನಗೆ ಗೊತ್ತಿರಲಿಲ್ಲ. ಅದರಲ್ಲಿ ಕೊಬ್ಬು ಇಲ್ಲ ಎಂದಿತ್ತು.

"ನಂದು ಈಗ ಸುದ್ದವಾಗದೆ," ಎಂದರು. ತಮಿಳು ಮರೆತು ಮನೆಮಾತಿನಲ್ಲೇ ಹೇಳುತ್ತಿದ್ದರು, ನಾನು ತಮಿಳು ಮಾಡಿ ಹೇಳುತ್ತಿದ್ದೆ. "ಅರ್ಧ ಕತ್ತರ್ಸಿ ಅವಳಿಗೆ ಕಟ್ಟುಬುಡಿ. ಬಳ್ಳಿಗೆಲ್ಲ ಕಸಿ ಕಟ್ತೀವಿ ನಾವು. ಬೇರು ಒಂದು, ಮೇಲಿಂದು ಒಂದು. ಅಂಟ್ಕೋತದೆ."

ಅದನ್ನು ನಾನು ತಮಿಳು ಮಾಡಬೇಕಾಯಿತು. ಮಾಡಿದೆ. ಡಾಕ್ಟರು ಎದ್ದು ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತರು. ಗಡ್ಡೆ ದೊಡ್ಡ ರಕ್ತನಾಳದೊಳಕ್ಕೆ ಹೋಗಿಬಿಟ್ಟಿದೆ, ಈಗ ಬದಲಿಸಿದರೂ ನಿಲ್ಲುವುದಿಲ್ಲ, ಎಂದರು. ಮಾಮ ರಿಪೋರ್ಟನ್ನು ಮಡಿಸಿದರು. ಮಡಿಕೆ ಸರಿಯಾಗಿ ಕೂರಲಿಲ್ಲ. ಬಿಚ್ಚಿ ಮತ್ತೆ ಮಡಿಸಿದರು.

ಅತ್ತೆಗೆ ಏನೂ ಹೇಳಕೂಡದೆಂದು ಬಸ್ಸಿನಲ್ಲಿ ನನ್ನಿಂದ ಮಾತು ತೆಗೆದುಕೊಂಡರು. "ಸತ್ತು ಜಾಸ್ತಿಯಾಗಿ ಸುಸ್ತು ಅಂತ ಹೇಳು. ನಂಬ್ತಾಳೆ." ವಾರವಾಗಲಿಲ್ಲ, ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು.

"ಆ ನಂಬರು ಒಳ್ಳೇದಲ್ಲ, ಅಲ್ವಾ?"

ನಾನು ಹಗ್ಗದ ಮೇಲಿದ್ದ ಬಟ್ಟೆ ತೆಗೆದು ಮಡಿಸತೊಡಗಿದೆ.

"ಇರ್ಲಿ ಬಿಡು. ನಂಗೆ ಗೊತ್ತಾಗದೆ ಅಂತ ಅವರಿಗೆ ಹೇಳ್ಬೇಡ. ಗೋಡೆ ಮೇಲಿಂದು ತೆಗೀಬ್ಯಾಡಿ ಅಂತನೂ ಹೇಳು. ತೆಗುದ್ರೆ ಅವರೇ ಸೋತಂಗೆ ಆಯ್ತದೆ."

ಹೀಗೆ ಇಬ್ಬರ ಗುಟ್ಟನ್ನೂ ಹೊತ್ತುಕೊಂಡು ನಾನು ಐದು ತಿಂಗಳು ತೇನಿಗೂ ಊರಿಗೂ ಓಡಾಡಿದೆ. ಇಬ್ಬರಿಗೂ ಎಲ್ಲವೂ ಗೊತ್ತಿತ್ತು. ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಅವರು ಅಷ್ಟು ಚೆನ್ನಾಗಿ ಹಿಂದೆಂದೂ ಬಾಳಿರಲಿಲ್ಲವೇನೋ.

ಆ ಐದು ತಿಂಗಳು ಅಡುಗೆ ಮಾಮನದು. ಹೊಟ್ಟೆಯಲ್ಲಿ ನೀರು ಸೇರುವವರಿಗೆ ಉಪ್ಪು ಕೂಡದು. ಮಾಮ ಉಪ್ಪಿಲ್ಲದ ಸಾರು ಮಾಡುವರು, ಅದನ್ನೇ ತಾವೂ ಉಣ್ಣುವರು. ಒಂದು ಮಧ್ಯಾಹ್ನ ನನಗೂ ಬಡಿಸಿದರು. ನಾನು ಒಂದು ತುತ್ತು ನುಂಗಿ ನೀರು ಕುಡಿದೆ. ಅತ್ತೆಯ ಭುಜ ಕುಣಿಯಿತು.

"ಹುಡುಗಿಗೆ ಉಪ್ಪು ಹಾಕಿ. ಅವಳೇನ್ ಪಾಪ ಮಾಡಿದ್ಲು?"

"ರುಚಿ ಅದೆ ತಾನೆ?" ಎಂದು ಮಾಮ ನನ್ನನ್ನು ಕೇಳಿದರು.

"ಇದೆ ಮಾಮ."

"ನೋಡಿ, ಪಾಪ ಅದೂ ಸುಳ್ಳು ಹೇಳ್ತದೆ," ಎಂದರು ಅತ್ತೆ. ಮೂವರೂ ನಕ್ಕೆವು. ನಕ್ಕದ್ದಕ್ಕೆ ಅತ್ತೆಗೆ ಏದುಸಿರು ಬಂತು. ಮಾಮ ತಟ್ಟೆ ಬಿಟ್ಟೆದ್ದು ಬೆನ್ನು ನೀವಿದರು.

ಮಧುರೈಗೆ ನೀರು ತೆಗೆಸಲು ಮೂರು ಸಲ ಹೋದೆವು. ಒಮ್ಮೆ ವಾರ್ಡಿನಲ್ಲಿ ಅತ್ತೆಯ ಕೈಯ ಅರಿಶಿನವೆಲ್ಲ ತೊಳೆದುಹೋಗಿ ಬೆರಳುಗಳು ಮೊದಲ ಸಲ ಶುಭ್ರವಾಗಿದ್ದವು. ಉಗುರು ಸುಣ್ಣದಷ್ಟು ಬಿಳಿ. ಮಾಮ ಆ ಕೈಯನ್ನು ಹಿಡಿದು ನೋಡುತ್ತಾ ಕೂತಿದ್ದರು. "ಊರವರದೆಲ್ಲ ನೋಡ್ದೆ," ಎಂದರು. ಆಮೇಲೆ ಆ ಕೈಯನ್ನು ಹೊದಿಕೆಯೊಳಗೆ ಇಟ್ಟರು.

ಹೊಸ ಗೊಂಚಲಿಗೆ ಬಣ್ಣ ಬರುವ ಹೊತ್ತಿಗೆ ಅತ್ತೆ ಹೋದರು. ಮನೆಯಲ್ಲೇ, ಬೆಳಗ್ಗೆ ಹತ್ತರ ಸುಮಾರಿಗೆ. ಜನ ಬಂದರು, ಅತ್ತರು, ಎಷ್ಟು ಒಳ್ಳೆಯ ಕೈರುಚಿ ಎಂದರು. ಕುಡಿಯದ ಹೆಂಗಸಿಗೆ ಈರಲ್ ಕಾಯಿಲೆಯೇ ಎಂದು ಒಬ್ಬಿಬ್ಬರು ಪಿಸುಗುಟ್ಟಿದರು. ಮಾಮ ಅವರ ಹತ್ತಿರ ಹೋಗಿ ಕೂತು, ಸಿಟ್ಟಿಲ್ಲದೆ, ಮೊದಲಿನಿಂದ ಬಿಡಿಸಿ ಹೇಳಿದರು. ಈ ಸಲ ಡಾಕ್ಟರು ಹೇಳಿದ್ದರಲ್ಲಿ ಒಂದಕ್ಷರವೂ ಬಿಟ್ಟುಹೋಗಲಿಲ್ಲ.

ನಾನು ಮಾತ್ರ ಬಹಳ ದಿನ ಆ ಕಡೆ ಹೋಗಲಿಲ್ಲ. ಯಂತ್ರ ತೋರಿಸಿದ್ದನ್ನು ನಗುತ್ತಾ ಫೋನಿನಲ್ಲಿ ಹೇಳಿದವಳು ನಾನು. ಆ ಹದಿನೈದು ದಿನ ಮೊದಲೇ ಗೊತ್ತಾಗಿದ್ದರೂ ಬದಲಾಗುವುದು ಏನೂ ಇರಲಿಲ್ಲ ಎಂದು ಹಿರಿಯ ಡಾಕ್ಟರು ಎರಡು ಸಲ ಸಮಾಧಾನ ಹೇಳಿದರು. ಅದು ನಿಜವೂ ಇರಬೇಕು. ಆದರೂ ಮಾಮನ ಫೋನು ಬಂದರೆ ಎತ್ತಲು ಕೈ ಬರುತ್ತಿರಲಿಲ್ಲ.

ಕಡೆಗೆ ಅವರೇ ಬಂದರು. ಕಳೆದ ತಿಂಗಳು ಒಂದು ಬೆಳಗ್ಗೆ ಲ್ಯಾಬಿನ ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ಕೂತಿದ್ದರು. ಪರೀಕ್ಷೆಗೆ ಬಂದಿರಾ ಎಂದರೆ ಇಲ್ಲವೆಂದು ತಲೆಯಾಡಿಸಿದರು. ರಕ್ತ ತೆಗೆಯುವ ಕುರ್ಚಿಯ ಮೇಲೆ ಕೂರಿಸಿ ನಾನು ಎದುರಿನ ಸ್ಟೂಲಿನಲ್ಲಿ ಕೂತೆ. ಅವರು ಗೋಡೆಯ ಬಳಿಯಿದ್ದ ಫ್ರಿಜ್ಜನ್ನು ನೋಡುತ್ತಿದ್ದರು.

"ಕಣ್ಣು, ಅವತ್ತು ಅವಳ ಕೈಯಿಂದ ತೆಗ್ದೆಯಲ್ಲ. ಅದು ಇಲ್ಲಿ ಅದೆಯಾ ಇನ್ನೂ?"

ಅವರು ಕೇಳುತ್ತಿದ್ದದ್ದು ಅತ್ತೆಯ ರಕ್ತದ ನಳಿಕೆಯನ್ನು.

"ಒಂದು ವಾರ ಇಡ್ತೀವಿ ಮಾಮ. ಆಮೇಲೆ ಇಟ್ಟುಕೊಳ್ಳಲ್ಲ."

"ಸರಿ ಸರಿ. ಸುಮ್ನೆ ಕೇಳ್ದೆ."

ಹೊರಗೆ ಇಬ್ಬರು ಮೂವರು ಬಂದು ಸಾಲಿನಲ್ಲಿ ನಿಂತರು. ಮಾಮ ಏಳಲಿಲ್ಲ.

"ನಾ ತೋಟಕ್ಕೋಗಿದ್ದೆ ಅವತ್ತು. ಸೂಜಿ ಅಂದ್ರೆ ಅವಳಿಗೆ ಭಯ. ಅತ್ತಳಾ?"

ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿ ಅದು. ಹೇಳಿದೆ. "ಅಳಲಿಲ್ಲ ಮಾಮ. ಕಣ್ಣು ಮುಚ್ಚಿಕೊಂಡಿದ್ದರು. ಇನ್ನೊಂದು ಕೈಯಲ್ಲಿ ನನ್ನ ಹೆಗಲು ಹಿಡ್ಕೊಂಡಿದ್ದರು. ನರ ಸಿಗುವವರೆಗೂ ಬಿಡಲಿಲ್ಲ."

ಮಾಮ ಮುಂದಕ್ಕೆ ಬಾಗಿ ತಮ್ಮ ಒರಟು ಕೈಯನ್ನು ನನ್ನ ಹೆಗಲ ಮೇಲೆ ಇಟ್ಟರು.

"ಇಲ್ಲಿಯಾ?"

"ಇನ್ನೂ ಸ್ವಲ್ಪ ಕೆಳಗೆ ಮಾಮ."

ಕೈಯನ್ನು ಸ್ವಲ್ಪ ಕೆಳಗೆ ಸರಿಸಿ, ಅಲ್ಲೇ ಬಿಟ್ಟರು.